ಪಂಪು ತುಂಬದ ನಾಲ್ಕು ದಿನ

ದೇಹೂ ರೋಡ್, ಪುಣೆ
10-10-2025, ಶುಕ್ರವಾರ

ತೀರ್ಥರೂಪ ಅಪ್ಪನಿಗೆ ನಿಮ್ಮ ಶಿವಕಾಂತಾ ಮಾಡುವ ನಮಸ್ಕಾರಗಳು.

ಆಪರೇಷನ್ ಆದ ಕಣ್ಣಿನ ಪಟ್ಟಿ ಬಿಚ್ಚಿದರೆಂದು ಕಮಲಮ್ಮ ಅತ್ತೆ ಫೋನಿನಲ್ಲಿ ಹೇಳಿದರು. ಹೊತ್ತು ಹೊತ್ತಿಗೆ ಔಷಧದ ಹನಿ ಹಾಕಿಸಿಕೊಳ್ಳುತ್ತಿದ್ದೀರೋ, ಅಥವಾ ಅವರಿಗೂ "ಆಮ್ಯಾಲ ನೋಡೂಣು" ಎನ್ನುತ್ತಿದ್ದೀರೋ? ಸೊಲ್ಲಾಪುರದ ಧೂಳಿನಲ್ಲಿ ತಿರುಗಬೇಡಿ, ಕಪ್ಪು ಕನ್ನಡಕ ತೆಗೆಯಬೇಡಿ. ಇಲ್ಲಿ ಅವ್ವ ಆರಾಮಾಗಿದ್ದಾಳೆ. ನೀವಿಲ್ಲದೆ ಚಹಾಪುಡಿ ಉಳಿಯುತ್ತಿದೆ ಎಂದು ದಿನಕ್ಕೆರಡು ಸಲ ಹೇಳುತ್ತಾಳೆ, ಹೇಳಿ ಬಾಗಿಲ ಕಡೆ ನೋಡುತ್ತಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕಷ್ಟದ ಮಾತು ಬಂದ ಕೂಡಲೇ ನೀವು "ಆತು, ಇಡು" ಎಂದುಬಿಡುತ್ತೀರಿ. ಅದಕ್ಕೇ ದಪ್ಪ ಪೆನ್ನಿನಲ್ಲಿ ದೊಡ್ಡ ಅಕ್ಷರ ಬರೆದು, ಆ ಕಡೆ ಹೊರಟಿರುವ ಪಕ್ಕದ ಮನೆಯ ಬಾಳುವಿನ ಕೈಯಲ್ಲಿ ಕಳಿಸುತ್ತಿದ್ದೇನೆ. ಬೇರೆಯವರಿಂದ ಓದಿಸಬೇಡಿ, ನೀವೇ ಓದಿ.

ಸುದ್ದಿ ಒಳ್ಳೆಯದಲ್ಲ. ನಮ್ಮ ಲಾಂಡ್ರಿಯಲ್ಲಿ ಭೀಮು ಕಾಕಾನಿಗೆ ಸೋಮವಾರದಿಂದ ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಬರುವ ಮಂಗಳವಾರ ವಿಚಾರಣೆ, ಅಲ್ಲಿ ತಪ್ಪು ಅವನದೇ ಎಂದಾದರೆ ಕೆಲಸ ಹೋದ ಹಾಗೆಯೇ. ಆಳಂದದಿಂದ ನಿಮ್ಮ ಜೊತೆ ಬಂದವನು, ಇಪ್ಪತ್ತೆರಡು ವರ್ಷ ಆ ಬಾಯ್ಲರಿನ ಮುಂದೆ ನಿಮ್ಮ ಪಾಳಿ ಮುಗಿದರೆ ಅವನ ಪಾಳಿ. ನಿಮಗೆ ಬೇರೆ ಹೇಳಬೇಕೆ!

ಎಲ್ಲದಕ್ಕೂ ಕಾರಣ ನೀವು ಮಗನಂತೆ ನೋಡಿಕೊಳ್ಳುವ ಆ ಪಂಪು. ದಸರೆಯ ರಜೆ ಮುಗಿದು ಮೂರನೇ ತಾರೀಖು ಉಗಿ ಬಿಟ್ಟಾಗಿನಿಂದ ಅದು ತುಂಬಲೇ ಒಲ್ಲದು. ಬಟ್ಟೆ ಒಣಗಿಸುವ ಯಂತ್ರಗಳಲ್ಲಿ ಉಗಿ ತಣಿದು ಆದ ಬಿಸಿನೀರು ಅದರೊಳಗೆ ಇಳಿಯಬೇಕು, ತುಂಬಿದ ಮೇಲೆ ಅದು ಧಡ್ ಎಂದು ಬಾಯ್ಲರಿನ ಕಡೆ ತಳ್ಳಬೇಕು ತಾನೆ? ಎರಡು ನಿಮಿಷಕ್ಕೊಮ್ಮೆ ಕೇಳುತ್ತಿದ್ದ ಆ ಸದ್ದು ಕಾಲು ಗಂಟೆಗೊಮ್ಮೆ ಆಯಿತು. ನೀರು ಯಂತ್ರಗಳಲ್ಲೇ ನಿಂತು ಆಸ್ಪತ್ರೆಯ ಚಾದರಗಳು ಹಸಿಯಾಗಿಯೇ ಹೊರಬಂದವು. ನಾನೂ ಕಾಕಾನೂ ಒಂದೊಂದೇ ನೋಡುತ್ತ ಬಂದೆವು. ನೀರು ಬರುವ ವಾಲ್ವ್ ಪೂರ್ತಿ ತೆರೆದಿತ್ತು. ಜಾಲರಿಯಲ್ಲಿ ಒಂದು ಹಿಡಿ ತುಕ್ಕು ಸಿಕ್ಕಿತು, ತೊಳೆದು ಹಾಕಿದರೂ ಅದೇ ಕಥೆ. ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವಿನ ಮುಚ್ಚಳ ಸಲೀಸಾಗಿ ಆಡುತ್ತಿತ್ತು, ಒಳಗೆ ನೀರಿನ ಮೇಲೆ ತೇಲುವ ಫ್ಲೋಟೂ ಸರಿಯಿತ್ತು. ಡಿಪ್ಲೊಮಾದಲ್ಲಿ ಕಲಿತದ್ದೆಲ್ಲ ಅಲ್ಲಿಗೆ ಮುಗಿಯಿತು. ನನಗೆ ಅಳುವೇ ಬಂತು. ನಾಲ್ಕನೇ ದಿನ ಉಗಿ ಬಂದ್ ಮಾಡಿಸಿ, ಪಂಪಿನ ನೆತ್ತಿಯಿಂದ ಮೇಲಕ್ಕೆ ಹೋಗುವ ಗಾಳಿ ಪೈಪಿನ ಜೋಡಣೆ ಸಡಿಲಿಸಿದೆ. ಬುಸ್ ಎಂದು ಗಾಳಿ ಹೊರಬಿತ್ತು, ಅದರ ಹಿಂದೆಯೇ ನೀರು ಗಳಗಳ ಒಳಗಿಳಿಯಿತು. ಒಳಗಿನ ಗಾಳಿಗೆ ಹೊರಹೋಗಲು ದಾರಿಯಿಲ್ಲದಿದ್ದರೆ ನೀರಿಗೆ ಜಾಗ ಎಲ್ಲಿಂದ ಬರಬೇಕು? ಏಣಿ ಹಾಕಿ ಹತ್ತಿದೆ. ಪೈಪಿನ ಬಾಯಿಗೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತಂತಿಯಿಂದ ಬಿಗಿದು ಕಟ್ಟಲಾಗಿತ್ತು.

ಮ್ಯಾನೇಜರ್ ಮಧುಕರ ಸಾಹೇಬರು ಕೆಳಗಿನಿಂದಲೇ "ಹೇ ಕೋಣೀ ಕೇಲಂ?" ಎಂದು ಕೂಗಿದರು. ಯಾರು ಮಾಡಿದ್ದೆಂದು ಯಾರೂ ಹೇಳಲಿಲ್ಲ. ರಜೆಯ ನಂತರ ಮೊದಲು ಉಗಿ ಬಿಟ್ಟವನು ಭೀಮು, ಎಲ್ಲ ನೋಡಿಯೇ ಬಿಡಬೇಕಿತ್ತು ಎಂದು ಅವನ ತಲೆಗೆ ಕಟ್ಟಿದರು. ಕಾಕಾ ಊಟದ ಚೀಲ ತೆಗೆದುಕೊಂಡು, ಪಂಪಿಗೆ ಕೈಮುಗಿದು ಹೊರಟುಹೋದ. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಅತ್ತೆಗೂ ಅವರ ಮಗಳು ಇಂದೂಗೂ ನನ್ನ ನೆನಪು ತಿಳಿಸಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ, ಈ ಸಲ ಅದರ ಅಗತ್ಯ ಹೆಚ್ಚಾಗಿದೆ.

ನಿಮ್ಮ ಮಗಳು,
ಶಿವಕಾಂತಾ

ತಾ.ಕ.: ಬಾಳು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಆ ಬಟ್ಟೆ ಹಸಿರು, ಅವ್ವನ ಹಳೆಯ ಇಳಕಲ್ ಸೀರೆಯದು. ಪೈಪಿನಿಂದ ತುಕ್ಕುನೀರು ತೊಟ್ಟಿಕ್ಕಿ ಪಂಪಿಗೆ ಬಳಿದ ವಿಭೂತಿ ಅಳಿಸದಿರಲೆಂದು ಪ್ರತಿ ದಸರೆಯ ಖಂಡೇಪೂಜೆಗೆ ನೀವೇ ಕಟ್ಟುತ್ತೀರಿ, ಆರತಿ ಆದ ಮೇಲೆ ನೀವೇ ಬಿಚ್ಚುತ್ತೀರಿ. ಈ ವರ್ಷ ಸೊಲ್ಲಾಪುರಕ್ಕೆ ಹೊರಡುವ ಮೊದಲು ನಾನು ಕೇಳಿದಾಗ ನೀವು ಮೇಲೆ ನೋಡಿ "ತೆಗದೀನಿ ಬಿಡವ್ವ, ಅಲ್ಲೇನ ಅದ?" ಎಂದಿರಿ. ನಿಮಗದು ಕಂಡಿರಲಿಲ್ಲ ಅಪ್ಪಾ. ನಾನೂ ತಲೆ ಎತ್ತಿ ನೋಡಲಿಲ್ಲ, ಅದು ನನ್ನ ತಪ್ಪು. ಏಣಿಯ ಕೆಳಗೆ ನಿಂತಿದ್ದ ಕಾಕಾ ಬಣ್ಣ ನೋಡಿಯೇ ಗುರುತು ಹಿಡಿದ. ಹೋಗುವಾಗ ನನ್ನ ಕಿವಿಯಲ್ಲಿ "ಅಣ್ಣನ ಕಣ್ಣ ನೆಟ್ಟಗಾಗಲಿ ಮದಲ, ನೀ ಸುಮ್ನಿರು" ಅಂದ. ಗೊತ್ತಾದರೆ ಕಣ್ಣು ಕಾಣದವನೆಂದು ನಿಮ್ಮನ್ನು ಮತ್ತೆ ಕೆಲಸಕ್ಕೆ ಸೇರಿಸದೇ ಹೋಗಬಹುದು, ಆ ಭಯ ನನಗೂ ಇದೆ. ಆದರೂ ಸುಮ್ಮನಿರಲಾರೆ. ಮಂಗಳವಾರ ಹತ್ತು ಗಂಟೆಯೊಳಗೆ ನೀವೇ ಸಾಹೇಬರಿಗೆ ಫೋನ್ ಮಾಡಿ. ಮಾಡದಿದ್ದರೆ ನಾನು ಆ ಬಟ್ಟೆಯನ್ನು ಅವರ ಮೇಜಿನ ಮೇಲಿಟ್ಟು ನಿಮ್ಮ ಹೆಸರು ಹೇಳುತ್ತೇನೆ. ಹೇಳಿದ ಮೇಲೆ ನಿಮ್ಮ ಮುಖ ಹೇಗೆ ನೋಡಲಿ, ಅದೊಂದು ನನಗೆ ತಿಳಿಯುತ್ತಿಲ್ಲ.