ಅತ್ತೆಯ ಕಿಡ್ನಿ, ನನ್ನ ಹಸಿವು

ಮಾರ್ಚ್ 3, ಬೆಳಿಗ್ಗೆ 6.15
ತೂಕ 56.8. ನಿನ್ನೆಗಿಂತ ಮುನ್ನೂರು ಗ್ರಾಂ ಜಾಸ್ತಿ. ಎರಡು ಲೋಟ ನೀರು ಆಯಿತು. ದಿನಕ್ಕೆ ಮೂರು ಲೀಟರ್ ಕುಡಿಯಲೇಬೇಕಂತೆ. ಡಯಾಲಿಸಿಸ್‌ನ ನಾಲ್ಕು ವರ್ಷ ಗುಟುಕು ಗುಟುಕು ಅಳೆದು ಕುಡಿದವಳು — ತುಂಬಿದ ಲೋಟ ಕಂಡರೆ ಈಗಲೂ ಕೈ ಹಿಂಜರಿಯುತ್ತದೆ. ಅತ್ತೆ ಅಡುಗೆಮನೆ ಬಾಗಿಲಲ್ಲೇ ಕಾವಲು. "ಕುಡಿ ಕುಡಿ. ನನ್ನ ಹೊಟ್ಟೇಲಿದ್ದಾಗ ಅದಕ್ಕೆ ನೀರಿಗೇನೂ ಬರ ಇರಲಿಲ್ಲ."
ಅದು ಅಂದರೆ ಕಿಡ್ನಿ. ಹತ್ತು ವರ್ಷ ನನ್ನ ಜೊತೆ ಎಣ್ಣೆ-ಸೀಗೇಕಾಯಿಯಂತಿದ್ದವರು, ಯಾರೂ ಕೇಳದೆಯೇ ಕೊಟ್ಟರು. ಮೂರು ತಿಂಗಳಾಯಿತು.

ಮಾರ್ಚ್ 6
ಮತ್ತೆ ಬೇಕರಿ ಕೆಲಸಕ್ಕೆ. ಮಾಸ್ಕ್ ಹಾಕಿಕೊಂಡು ಕೇಕಿಗೆ ಕ್ರೀಮ್ ಹಚ್ಚುವ ಅದೇ ಟೇಬಲ್. ಹಸಿವು... ಹಸಿವಲ್ಲ, ಸ್ಟೀರಾಯ್ಡ್ ಮಾತ್ರೆಯ ದೆವ್ವ. ಊಟವಾದ ಅರ್ಧ ಗಂಟೆಗೆ ಹೊಟ್ಟೆ ತಾಳ ಹಾಕುತ್ತದೆ. ಅಂಚು ಕತ್ತರಿಸಿದ ಕೇಕಿನ ಚೂರುಗಳು ಟ್ರೇ ತುಂಬ. ಒಂದು ಬಾಯಿಗೆ ಹೋಯಿತು. ಆಮೇಲೆ ಎಣಿಸಲಿಲ್ಲ.

ಮಾರ್ಚ್ 8
ಅತ್ತೆ ಬಾಳೆಹಣ್ಣು ಸುಲಿದು ಕೊಟ್ಟರು. "ಈಗ ತಿನ್ನಬಹುದು ಅಂದಿದಾರೆ ಡಾಕ್ಟರು." ನಾಲ್ಕು ವರ್ಷ ಅದು ನನಗೆ ವಿಷ. ಪೊಟ್ಯಾಸಿಯಂ ಏರಿದರೆ ಎದೆಬಡಿತವೇ ನಿಂತೀತು ಎಂದಿದ್ದರು. ನುಂಗಲಾರದೆ ಸಿಂಕಿಗೆ ಉಗಿದೆ. ತಿನ್ನಬಹುದಾದ್ದು ಗಂಟಲಲ್ಲಿ ಇಳಿಯುವುದಿಲ್ಲ. ತಿನ್ನಬಾರದ್ದು ತಾನಾಗಿ ಇಳಿಯುತ್ತದೆ. ತಲೆ ಕೆಟ್ಟಿದೆ.

ಮಾರ್ಚ್ 14
ಊಟದ ನಂತರದ ಶುಗರ್ 271. ಆಸ್ಪತ್ರೆಯ ಡಯಟಿಷಿಯನ್ ಹುಡುಗಿ ಪೆನ್ನು ಹಿಡಿದು ಕೇಳಿದಳು, "ಹೊರಗಡೆ ಸಿಹಿ ಏನಾದ್ರೂ...?"
"ಇಲ್ಲ."
ಪಕ್ಕದಲ್ಲಿದ್ದ ಅತ್ತೆ ಬಾಯಿ ಹಾಕಿದರು. "ನಾನು ಕೊಟ್ಟಿದ್ದು ಬಿಟ್ರೆ ಬೇರೆ ಏನೂ ಮುಟ್ಟಲ್ಲ ಇವಳು. ಅದಕ್ಕೆ ನಾನೇ ಗ್ಯಾರಂಟಿ."
ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇನ್ಸುಲಿನ್ ಶುರು. ಶುಗರ್ ಹೀಗೇ ಇದ್ದರೆ ಹೊಸ ಕಿಡ್ನಿಯೂ ಹಳೆಯದರ ದಾರಿ ಹಿಡಿಯುತ್ತದಂತೆ.

ಮಾರ್ಚ್ 26
ಹನ್ನೆರಡು ದಿನ ಬರೆದಿಲ್ಲ. ಬರೆದರೆ ತಿಂದಿದ್ದೂ ಬರೆಯಬೇಕಲ್ಲ.
ಇವತ್ತು ಊಟದ ಡಬ್ಬಿ ಮರೆತು ಹೋಗಿದ್ದೆ. ಮಧ್ಯಾಹ್ನ ಅತ್ತೆಯೇ ಬೇಕರಿಗೆ ತಂದರು. ನಾನು ಫ್ರಿಜ್ ಮರೆಯಲ್ಲಿ. ಮಾಸ್ಕ್ ಗಲ್ಲದ ಕೆಳಗೆ, ಬಾಯಿ ತುಂಬ ಕೇಕು. ನೋಡಿದರು. ಡಬ್ಬಿ ಟೇಬಲ್ ಮೇಲಿಟ್ಟರು. ಹೋದರು. ನಾಲ್ಕು ಜನರ ಮುಂದೆ ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 29
ಮೂರು ದಿನದಿಂದ ಮನೆಯಲ್ಲಿ ತುಟಿ ಪಿಟಕ್ಕೆನ್ನುವವರಿಲ್ಲ. ಗಂಡನಿಗೆ ಟಿವಿಯೇ ಗತಿ. ತಡೆಯಲಾಗಲಿಲ್ಲ. ಅತ್ತೆ ಬಟ್ಟೆ ಮಡಚುತ್ತಿದ್ದಲ್ಲಿಗೆ ಹೋಗಿ ನಿಂತೆ.
"ಬೈದ್ಬಿಡಿ ಅತ್ತೆ. ನಿಮ್ಮ ಕಿಡ್ನಿ ನಾನು ಹಾಳು ಮಾಡ್ತಿದೀನಿ."
"ನನ್ನದೆಲ್ಲಿ? ಕೊಟ್ಟ ದಿನವೇ ನಿನ್ನದಾಯ್ತು." ಟವೆಲ್ ಒದರಿದರು. "ಕೇಕ್ ತಿಂದಿದ್ದಕ್ಕಲ್ಲ ಕಣೇ. ಆ ಹುಡುಗಿ ಮುಂದೆ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದೆಯಲ್ಲ... ಹಸಿವಾಗುತ್ತೆ ಅಂತ ನನ್ನ ಹತ್ರ ಒಂದು ಮಾತು ಹೇಳೋಕೆ ಏನಾಗಿತ್ತು?"
"ಕಿಡ್ನಿ ಕೊಟ್ಟವರ ಹತ್ರ ಇನ್ನೊಂದು ತುತ್ತು ಹೇಗೆ ಕೇಳೋದು ಅನ್ನಿಸ್ತು."
ಅವರು ಮಡಚಿದ ಟವೆಲ್ಲನ್ನೇ ಮತ್ತೆ ಮಡಚಿದರು.

ಏಪ್ರಿಲ್ 10
ಡಯಟಿಷಿಯನ್ ಹತ್ತಿರ ಎಲ್ಲ ಬಾಯಿಬಿಟ್ಟೆ. ಬೈಯಲಿಲ್ಲ. ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ ಎಂದಳು. ಮಾಲೀಕರನ್ನು ಕೇಳಿ ಬ್ರೆಡ್ ಓವನ್ ಕಡೆಗೆ ಬದಲಾಯಿಸಿಕೊಂಡೆ. ಶುಗರ್ 168. ಒಂದು ಸಲ ಜಾರಿದೆ — ಅತ್ತೆಗೆ ಹೇಳಿಯೇ ಜಾರಿದೆ. "ಸರಿ, ನಾಳೆ ಒಂದು ಸುತ್ತು ಜಾಸ್ತಿ ನಡಿ" ಎಂದರು. ಅಷ್ಟೇ!

ಏಪ್ರಿಲ್ 21, ಸಂಜೆ 7
ಇವತ್ತು ಅತ್ತೆಯ ಚೆಕಪ್. ಕೊಟ್ಟವರನ್ನೂ ನೋಡುತ್ತಾರೆ. ನಾಲ್ಕು ಕೆಜಿ ಇಳಿದುಹೋಗಿದ್ದಾರೆ.
"ಊಟ ಸರಿಯಾಗಿ ಮಾಡ್ತೀರಾ?" ಡಾಕ್ಟರು ಕೇಳಿದರು.
"ಓಹೋ, ಹೊಟ್ಟೆ ತುಂಬ."
"ಸುಳ್ಳು" ಅಂದೆ. ಮೊನ್ನೆ ರಜೆಯಲ್ಲಿ ಮನೆಯಲ್ಲಿದ್ದಾಗ ಕಂಡಿದ್ದೆ. "ಮಧ್ಯಾಹ್ನ ಬರೀ ಟೀ. ಉಳಿದಿರೋ ಒಂದು ಕಿಡ್ನಿಗೆ ಭಾರ ಆಗುತ್ತೆ ಅಂತ ಹೆದರಿ ಊಟಾನೇ ಬಿಟ್ಟಿದಾರೆ."
ಡಾಕ್ಟರು ಅವರಿಗೆ ಚೆನ್ನಾಗಿ ಪಾಠ ಮಾಡಿದರು. ದಾರಿಯುದ್ದಕ್ಕೂ ಅತ್ತೆಯ ಮುಖ ಗಂಟು. ಈಗ ಅಡುಗೆಮನೆಯಿಂದ ಕೂಗುತ್ತಿದ್ದಾರೆ.
"ಬರೆದಿದ್ದು ಸಾಕು ಬಾ, ಆರಿಹೋಗುತ್ತೆ."
"ನಿಮಗೂ ಬಡಿಸಿಕೊಂಡ್ರಾ?"
ಒಂದೇ ತಟ್ಟೆ ಇಟ್ಟ ಸದ್ದು... ತಾಳು, ಎದ್ದು ಹೋಗಿ ಅವರಿಗೂ ಒಂದು ತಟ್ಟೆ ಇಟ್ಟು —