ಏಳನೆಯ ನಂಬರಿನ ಬೂಟು

ತಾರ್ನಾಕ, ಹೈದರಾಬಾದ್
೨೧ ನವೆಂಬರ್ ೨೦೨೪, ಮಧ್ಯಾಹ್ನ

ಪ್ರೀತಿಯ ಗೋದಾವರಿ ಅತ್ತೆಗೆ ಶರ್ವರಿಯ ನಮಸ್ಕಾರ.

ನಿಮ್ಮ ಮೊಣಕಾಲು ಹೇಗಿದೆ? ಕಲಬುರಗಿಯ ಚಳಿಗೆ ಹಿಡಿದುಕೊಂಡಿಲ್ಲ ತಾನೆ? ನಿವೃತ್ತಿಯಾದರೂ ಶಾಲೆಯ ಹುಡುಗಿಯರಿಗೆ ಖೊಖೊ ಕಲಿಸುವುದನ್ನು ನೀವು ಬಿಟ್ಟಿಲ್ಲವೆಂದು ಅಪ್ಪ ಸಿಟ್ಟಿನಿಂದ ಹೇಳಿದರು. ತಮ್ಮ ಅಕ್ಕನ ಮೇಲಿನ ಅವರ ಸಿಟ್ಟು ಎಷ್ಟರದ್ದೆಂದು ನಿಮಗೇ ಗೊತ್ತು. ಪೂರ್ವಿಗೆ ಎಂಟು ತಿಂಗಳು ತುಂಬಿತು, ಕೆಳಗೆ ಎರಡು ಹಲ್ಲು ಬಂದಿವೆ. ಅವಳು ಮಲಗಿದರೂ ನಾನು ಮಲಗುವುದಿಲ್ಲ, ಉಸಿರು ನೋಡುತ್ತ ಕೂತಿರುತ್ತೇನೆ. ನಿಮ್ಮ ಅಳಿಯ ನಿಶಾಂತ ಬೈಯುತ್ತಾರೆ.

ಬಾಣಂತನಕ್ಕೆ ಬಂದು ನನ್ನ ಕಿವಿಗೆ ಸ್ಕಾರ್ಫು ಬಿಗಿದು, ‘ಐದು ತಿಂಗಳ ತನಕ ಓಡೂ ಮಾತು ಎತ್ತಬ್ಯಾಡ’ ಎಂದಿದ್ದಿರಿ. ಈಗ ಪ್ರತಿ ಭಾನುವಾರ ಫೋನಿನಲ್ಲಿ ‘ಓಡಾಕ ಹೊಂಟಿಯೇನು?’ ಎನ್ನುತ್ತೀರಿ, ನಾನು ಬೂಟು ಕಚ್ಚುತ್ತದೆ ಎನ್ನುತ್ತೇನೆ. ಅದು ಸುಳ್ಳಲ್ಲ. ಹಳೆಯ ಜೋಡಿ ಹಾಕಿ ಕಾರಿಡಾರಿನಲ್ಲಿ ನಾಲ್ಕು ದಿನ ಓಡಾಡಿದ್ದಕ್ಕೇ ಹೆಬ್ಬೆರಳಿನ ಉಗುರು ಕಪ್ಪಾಯಿತು. ನನ್ನ ಆರನೆಯ ನಂಬರಿನದೇ ಹೊಸದು ತಂದೆ, ಅದೂ ಕಚ್ಚಿತು. ಏನು ರೋಗವೋ ಎಂದು ಫೋನಿನಲ್ಲಿ ಹುಡುಕಿ ಹುಡುಕಿ ಹೆದರಿದೆ.

ಹೋದ ಶನಿವಾರ ಹಬ್ಸಿಗುಡದ ಅಂಗಡಿಗೆ ಹೋದೆವು. ಸಂಜೆಯೇ ಹೋದೆ, ‘ದಿನವೆಲ್ಲ ನಿಂತ ಕಾಲು ಸಂಜೀಗೆ ಖರೇ ಅಳತಿ ಹೇಳತೈತಿ’ ಎನ್ನುತ್ತಿದ್ದಿರಲ್ಲ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ನೀವು ರಜೆಗೆ ಇಲ್ಲಿಗೆ ಬಂದು ಸುಲ್ತಾನ್ ಬಜಾರಿನಲ್ಲಿ ನನಗೆ ಬಿಳಿ ಕ್ಯಾನ್ವಾಸ್ ಬೂಟು ಕೊಡಿಸಿದ್ದು ನೆನಪಿದೆಯೇ? ಕಾಲುಚೀಲ ಹಾಕಿಸಿ, ಬೆರಳ ಮುಂದೆ ನಿಮ್ಮ ಹೆಬ್ಬೆಟ್ಟು ಒತ್ತಿ, ಹಿಮ್ಮಡಿ ಜಾರುತ್ತದೆಯೇ ಎಂದು ಜಗ್ಗಿ, ಕೊನೆಗೆ ಓಡಿ ನೋಡೆಂದು ನನ್ನನ್ನು ಗಲ್ಲಿಗೇ ಬಿಟ್ಟಿರಿ. ಅಂಗಡಿಯವನು ಗಾಬರಿಯಾಗಿ ನನ್ನ ಹಳೇ ಚಪ್ಪಲಿ ಎದೆಗೊತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ‘ಬಂದೇ ಬರತಾಳಪಾ, ಆ ಹರಕ ಚಪ್ಪಲಿ ನೀ ಏನ್ ಮಾಡಾಂವ?’ ಎಂದಿರಿ ನೀವು. ಆಮೇಲೆ ಯೂನಿವರ್ಸಿಟಿಯ ಮರಗಳ ಕೆಳಗಿನ ಆ ಬೆಳಗುಗಳು! ಸೀರೆ ಎತ್ತಿ ಕಟ್ಟಿ ಮುಂದೆ ಓಡುತ್ತಿದ್ದಿರಿ. ಹೊಸ ರಬ್ಬರಿನ ವಾಸನೆ ಇನ್ನೂ ಮೂಗಿನಲ್ಲಿದೆ.

ಈ ಅಂಗಡಿಯವನು ಕಾಲನ್ನು ಪಟ್ಟಿಯ ಮೇಲಿಟ್ಟು ಅಳೆದು, ‘ಪಾಂವ್ ಬಡಾ ಹೋಗಯಾ ಮೇಡಂ, ಡೆಲಿವರಿ ಕೇ ಬಾದ್ ಹೋತಾ’ ಎಂದ. ಹೆತ್ತ ಮೇಲೆ ಕಾಲೂ ಬೆಳೆಯುತ್ತದೆಂದು ಎಂ.ಎಸ್ಸಿ. ಓದಿದ ನನಗೇ ತಿಳಿದಿರಲಿಲ್ಲ. ಏಳನೆಯ ನಂಬರು ಹಾಕಿದೆ. ಮುಂದೆ ಹೆಬ್ಬೆಟ್ಟಿನಷ್ಟು ಜಾಗ, ಹಿಮ್ಮಡಿ ಗಟ್ಟಿ, ಅಟ್ಟೆ ಅತಿ ಮೆತ್ತಗೂ ಇಲ್ಲ. ಬಾಗಿಲಿಂದ ಕನ್ನಡಿಯವರೆಗೆ ಮೂರು ಸಲ ಓಡಿದೆ, ಪೂರ್ವಿ ಕೇಕೆ ಹಾಕಿದಳು. ನಾನು ಮಾತ್ರ ಅಂಗಡಿಯವನು ಪಕ್ಕಕ್ಕೆ ಸರಿಸಿದ ಆರನೆಯ ನಂಬರಿನ ಡಬ್ಬಿ ನೋಡಿ ಅತ್ತುಬಿಟ್ಟೆ. ನೀವು ಓಡಿಸಿದ ಹುಡುಗಿ ಅದರಲ್ಲೇ ಉಳಿದಳು ಅನ್ನಿಸಿತು.

ನಿಮ್ಮ ಖೊಖೊ ಪಡೆ ಗೆಲ್ಲಲಿ. ಪೂರ್ವಿಯ ತಲೆಯ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ,
ಶರ್ವರಿ

ತಾ.ಕ.: ಕೂಸು ಏಳುತ್ತಿದೆ, ಬೇಗ ಬರೆಯುತ್ತೇನೆ. ಹೊಸ ಬೂಟು ಎಲ್ಲೂ ಕಚ್ಚುವುದಿಲ್ಲ ಅತ್ತೆ. ನಾಲ್ಕು ದಿನ ಬೆಳಿಗ್ಗೆ ಹಾಕಿಕೊಂಡು ಇಳಿದೆ. ನಾಲ್ಕೂ ದಿನ ಗೇಟಿನಿಂದಲೇ ತಿರುಗಿ ಬಂದೆ. ಮೇಲೆ ಮನೆಯಲ್ಲಿ ಪೂರ್ವಿ ಅತ್ತಂತೆ ಕೇಳಿಸುತ್ತದೆ. ಓಡಿ ಬಂದು ನೋಡಿದರೆ ತನ್ನ ಅಪ್ಪನ ಎದೆಯ ಮೇಲೆ ಹಾಯಾಗಿ ಮಲಗಿರುತ್ತಾಳೆ. ಅವಳನ್ನು ನೋಡಿಕೊಳ್ಳಲಿಕ್ಕಲ್ಲ, ನನಗಾಗಿ ಒಂದು ವಾರ ಬರ್ರಿ. ಗೇಟಿನ ಆಚೆ ನಿಂತು ನನ್ನ ಹೆಸರು ಹಿಡಿದು ಕೂಗುವವರೊಬ್ಬರು ಬೇಕು.