ಬೀಗತಿ ಸಾರಿಸಿದ ಗೋಡೆ

ಅಳಗವಾಡಿ, ನವಲಗುಂದ ತಾಲೂಕು
22 ಜೂನ್ 2025, ರವಿವಾರ

ಚಿ. ಸೌ. ರೋಹಿಣಿಗೆ ನಿನ್ನ ಅತ್ತೆ ಕಸ್ತೂರೆವ್ವನ ಆಶೀರ್ವಾದಗಳು.

ನನ್ನ ಮೊಣಕಾಲೊಂದನ್ನು ಬಿಟ್ಟು ಇಲ್ಲಿ ಎಲ್ಲರೂ ಕ್ಷೇಮ. ನೀನು ಮನೆ ಬಿಟ್ಟು ಒಂಬತ್ತು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಇಷ್ಟು ತಡ ಯಾಕೆಂದು ಬೈದರೆ ಬೈಸಿಕೊಳ್ಳುತ್ತೇನೆ. ಫೋನು ಮಾಡಬಹುದಿತ್ತು, ಆದರೆ ಫೋನು ಕೈಗೆ ಬಂದರೆ ನನ್ನ ದನಿ ತಾನಾಗಿಯೇ ಜೋರಾಗುತ್ತದೆ, ನೀನು ಸುಮ್ಮನಾಗಿಬಿಡುತ್ತೀ. ಕಾಗದದ ಮೇಲೆ ನನ್ನ ಬಾಯಿ ಸ್ವಲ್ಪ ಸಣ್ಣದು.

ಮೊನ್ನೆ ಸಿದ್ಧಾರೂಢ ನಿನ್ನ ತವರು ಅಣ್ಣಿಗೇರಿಯಿಂದ ಬಂದವನೇ ಚಪ್ಪಲಿ ಕಳಚುವ ಮೊದಲು ನಿನ್ನ ಮಾತು ಹೇಳಿದ. "ಅತ್ತಿಯವರು ಮರ್ತು ಮಾಡ್ಯಾರ, ಬೇಕಂತ ಮಾಡಿಲ್ಲ. ಮಣ್ಣಿನ ಗುಳ್ಳವ್ವನ್ನ ಮಾಡಾಕ ಬರ್ತೇನಿ ಅಂತ ಹೇಳ್ರಿ" ಅಂದೆಯಂತೆ. ನನ್ನ ಮಗನ ಮುಖ ನೀನು ನೋಡಬೇಕಿತ್ತು. ನಿಮ್ಮ ಅಪ್ಪನಿಗೆ ಆರಾಮಿಲ್ಲವೆಂದು ಇಷ್ಟು ದಿನ ಊರವರಿಗೆಲ್ಲ ಅವನೇ ನೆಪ ಹೇಳಿದ್ದಾನೆ. ಆ ಬೀಗರು ದಿನಾ ಸೈಕಲ್ ಹೊಡೆದುಕೊಂಡು ಹೊಲಕ್ಕೆ ಹೋಗುವುದು ಇಲ್ಲಿ ಯಾರಿಗೆ ಗೊತ್ತಿಲ್ಲ?

ನಿನಗೆ ಗೊತ್ತಿದ್ದದ್ದನ್ನೇ ಇನ್ನೊಮ್ಮೆ ಬರೆಯುತ್ತೇನೆ. ಹೋದ ಶ್ರಾವಣದಲ್ಲಿ ನಿಮ್ಮ ಅವ್ವ ನಾಲ್ಕು ದಿನ ಇಲ್ಲಿದ್ದು, ಸುಮ್ಮನೆ ಕೂರಲಾರದೆ ಪಡಸಾಲೆಯ ಗೋಡೆಗೆ ಕೆಮ್ಮಣ್ಣು, ಸಗಣಿ ಕಲಸಿ ಸಾರಿಸಿದ್ದರು. ಅವರ ಬೆರಳಿನ ಗೀರುಗಳು ಅರ್ಧಚಂದ್ರದಂತೆ ಸಾಲಾಗಿ ಮೂಡಿದ್ದವು. ಮುಂದೆ ತಿಂಗಳೊಪ್ಪತ್ತಿನಲ್ಲಿ ಅವರು ಜಡ್ಡಿಗೆ ಬಿದ್ದು ಹೋಗಿಬಿಟ್ಟರು. ದಿನಕರ್ಮ ಮುಗಿಸಿ ನೀನು ಮರಳಿದಾಗ ಆ ಗೋಡೆಯ ಮೇಲೆ ನನ್ನ ಹೊಸ ಸಾರಣೆ ಇತ್ತು. ಮಹಾನವಮಿ ಹತ್ತಿರ ಬಂದಿತ್ತು, ಮನೆಯೆಲ್ಲ ಸಾರಿಸುವ ಗಡಿಬಿಡಿಯಲ್ಲಿ ನಿನ್ನ ಮಾತು ಮರೆತೆ ಎಂದೆ. ನೀನು ಅಂಗೈಯಿಂದ ಆ ಗೋಡೆಯನ್ನು ಒಮ್ಮೆ ಸವರಿ, ಮರುದಿನ ಮೊದಲ ಬಸ್ಸಿಗೆ ಹೋದೆ.

ನೀನಿಲ್ಲದ ಮನೆಯನ್ನು ನಾನು ಸಿಂಗರಿಸದೆ ಬಿಡಲಿಲ್ಲ. ಹಟಕ್ಕೆ ಸಿಂಗರಿಸಿದೆ ಅಂತಲೇ ಅನ್ನು. ದೀಪಾವಳಿಗೆ ಸಗಣಿಯ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡು ಹೂ ಚುಚ್ಚಿ ಹೊಸ್ತಿಲಿಗಿಟ್ಟೆ. ನಿನ್ನ ಮಾವ ಬಗ್ಗಿ ನೋಡಿ, "ಇವ್ರಾಗ ಭೀಮ ಯಾಂವ ಬೇ?" ಎಂದರು. ಐದೂ ಮಂದಿ ಒಂದೇ ಗಾತ್ರ ಆಗಿದ್ದರು. ಜೋಳದ ಸುಗ್ಗಿಯಲ್ಲಿ ತೆನೆ ಹೆಣೆದು ತಲೆಬಾಗಿಲಿಗೆ ಕಟ್ಟಿದೆ. ನೀನು ಹೆಣೆಯುವ ಗಂಟು ನನಗೆ ಬರಲಿಲ್ಲ, ನೂಲಿನಿಂದ ಬಿಗಿದೆ. ಗುಬ್ಬಿಗಳು ಎಂಟು ದಿನದಲ್ಲಿ ಖಾಲಿ ಮಾಡಿ ಬರೇ ಕಡ್ಡಿ ಉಳಿಸಿದವು. ಯುಗಾದಿಗೆ ಮಾವಿನ ಎಲೆಯ ನಡುವೆ ಬೇವಿನ ಹೂವಿನ ಗೊಂಚಲು ಇಟ್ಟು ಕಟ್ಟಿದ್ದು ಮಾತ್ರ ನನಗೇ ಚಂದ ಕಂಡಿತು.

ಅವತ್ತು ಬಾಜು ಮನೆಯ ಮರಿಯಮಬಿ ಬೆಲ್ಲ ಒಯ್ಯಲು ಬಂದವಳು ಬಾಗಿಲಲ್ಲೇ ನಿಂತು ಮೇಲೆ ನೋಡಿದಳು. "ತೋರಣ ಅಗದೀ ಚಲೋ ಕಟ್ಟೀದಿ ಕಸ್ತೂರೆವ್ವಾ. ಆದ್ರ ಇದನ್ನ ನೋಡಿ ಚಲೋ ಐತಿ ಅನ್ನಾಕಿ ಮನ್ಯಾಗ ಇಲ್ಲಲ್ಲ ಬೇ" ಎಂದಳು. ಹೊಟ್ಟೆಯಲ್ಲಿ ಇದ್ದದ್ದನ್ನು ಬಾಯಿಗೆ ತಾರದೆ ಇರುವುದು ಅವಳಿಗೆ ಗೊತ್ತಿಲ್ಲ. ನಾನು ಸಿಟ್ಟಿನಿಂದ ಬೆಲ್ಲ ಸ್ವಲ್ಪ ಕಡಿಮೆಯೇ ಕೊಟ್ಟೆ. ಅವಳು ಹೋದ ಮೇಲೆ ಅಡಿಗೆ ಮನೆಯಲ್ಲಿ ಕೂತು ಅತ್ತೆ.

ಈಗ ನಾಲ್ಕು ಮಳೆ ಬಿದ್ದಿವೆ. ಬುಧವಾರ ಮಣ್ಣೆತ್ತಿನ ಅಮಾವಾಸ್ಯೆ, ಅದಾದ ಮೇಲಿನ ಮಂಗಳವಾರವೇ ಮೊದಲ ಗುಳ್ಳವ್ವ. ನಿನ್ನ ಮಾವ ಬೆಣ್ಣಿಹಳ್ಳದ ದಂಡೆಯಿಂದ ಒಂದು ಬುಟ್ಟಿ ಜಿಗಟು ಮಣ್ಣು ತಂದು, ಕಲ್ಲು ಆರಿಸಿ, ಹಸಿ ಗೋಣಿಚೀಲ ಹೊದಿಸಿಟ್ಟಿದ್ದಾರೆ. ಗುಳ್ಳವ್ವನ ಕಣ್ಣಿಗೆ ಗುಲಗಂಜಿ, ಸರಕ್ಕೆ ಬಿಳಿ ಕುಸುಬಿ ಕಾಳು ಡಬ್ಬಿಯಲ್ಲಿವೆ. ಪಡಸಾಲೆಯ ಆ ಗೋಡೆಗೆ ಮಾತ್ರ ಯಾವ ಹಬ್ಬಕ್ಕೂ ನಾನು ಮತ್ತೆ ಕೈ ಹಚ್ಚಿಲ್ಲ. ಅಲ್ಲಲ್ಲಿ ಬಿರುಕು ಬಿಟ್ಟು ಅಸಹ್ಯವಾಗಿ ಕಾಣುತ್ತದೆ. ಅದು ನಿನ್ನದು. ನೀನು ಸಾರಿಸು, ಚಿತ್ರ ಬರೆ, ಇಲ್ಲವೇ ಹಾಗೇ ಬಿಡು. ನಾನು ಬೇಕಾದರೆ ಮಣ್ಣು ಕಲಸಿ ಕೊಡುತ್ತೇನೆ, ಬಾಯಿ ಮುಚ್ಚಿಕೊಂಡು.

ಅಪ್ಪನಿಗೆ ನಮ್ಮೆಲ್ಲರ ಶರಣು ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈ ಮುಟ್ಟಿದ್ದೆಲ್ಲ ಚಂದವಾಗಲಿ, ನಿನ್ನ ಮನಸ್ಸು ತಂಪಾಗಿರಲಿ.

ಇಂತಿ,
ನಿನ್ನ ಅತ್ತೆ
ಕಸ್ತೂರೆವ್ವ ಈರಬಸಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ರೋಹಿಣಿ, ನಾನು ಮರೆತಿರಲಿಲ್ಲ. ಅವ್ವನ ಆರೈಕೆಗೆ ಹೊರಟಾಗ ನೀನು "ಅತ್ತಿ, ಆ ಗ್ವಾಡಿ ಒಂದು ಮುಟ್ಟಬ್ಯಾಡ್ರಿ" ಅಂದದ್ದು ನನ್ನ ಕಿವಿಯಲ್ಲೇ ಇತ್ತು. ಮೂವತ್ತೆರಡು ವರ್ಷ ಈ ಮನೆಯನ್ನು ಸಾರಿಸಿದ್ದೇನೆ, ನಿನ್ನ ಮಾವ ಒಂದು ದಿನ ತಲೆಯೆತ್ತಿ ಗೋಡೆ ನೋಡಿದವರಲ್ಲ. ನಿಮ್ಮ ಅವ್ವ ಸಾರಿಸಿದ ಮರುದಿನ ಚಹಾ ಹಿಡಿದು ಅದರ ಮುಂದೆ ನಿಂತು, "ಬೀಗತಿ ಕೈ ಭಾಳ ಚಂದ ಐತಿ" ಅಂದರು. ಅದು ನನ್ನೊಳಗೆ ಹಾಗೇ ಚುಚ್ಚಿಕೊಂಡು ಉಳಿಯಿತು. ಅವರ ಮಣ್ಣಿಗೆ ಹೋಗಿ ಅತ್ತು ಬಂದವಳು ನಾನೇ. ಬಂದ ಮೂರನೇ ದಿನ ಆ ಗೀರುಗಳ ಮೇಲೆ ನನ್ನ ಬೆರಳಿಟ್ಟು ಅಳತೆ ನೋಡಿದೆ. ಆಮೇಲೆ ಮೇಲಿನಿಂದ ಕೆಳಗಿನವರೆಗೆ ಬಳಿದೆ. ಮನೆಯಲ್ಲಿ ಯಾರಿಗೂ ಇದು ಗೊತ್ತಿಲ್ಲ. ನಾನು ಮರೆತೆನೆಂದು ನಂಬಿ ನೀನು ಬರುತ್ತಿದ್ದೀ. ಹಾಗೆ ಬರಬೇಡ. ಇದನ್ನು ಓದಿದ ಮೇಲೂ ಬರಬೇಕೆನ್ನಿಸಿದರೆ ಬಾ.